ಒಸಡಿನ ಎರಡು ಮಿಲಿಮೀಟರ್

ಕೆಂಗೇರಿ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ಸ್ಯಾಟಲೈಟ್ ಟೌನ್ ಕಡೆ ಒಂದು ಸುತ್ತು ಹಾಕಿದರೆ ದರ್ಶಿನಿ, ಬೇಕರಿ, ಮೆಡಿಕಲ್ ಸ್ಟೋರ್‌ಗಳ ಮಧ್ಯೆ ಹಲ್ಲಿನ ಕ್ಲಿನಿಕ್ ಕಾಣದೆ ಇರೋದಿಲ್ಲ. ನಮ್ಮ ಅಪ್ಪ ಅಮ್ಮನ ಕಾಲದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗೋದಕ್ಕೆ ಮೂರೇ ಕಾರಣ: ಹಲ್ಲು ಕೀಳಿಸೋದು, ಹುಳುಕು ತುಂಬಿಸೋದು, ವಯಸ್ಸಾದವರಿಗೆ ಹಲ್ಲುಸೆಟ್ಟು. ಈಗ ಊರಿನ ಯಾವ ಬಡಾವಣೆಯಲ್ಲಿ ನೋಡಿದರೂ ಬೋರ್ಡಿನ ಪಟ್ಟಿ ಉದ್ದ ಆಗಿದೆ. ಅದರಲ್ಲಿ ಇತ್ತೀಚೆಗೆ ಸೇರಿದ್ದು 'ಗಮ್ ಕಾಂಟೂರಿಂಗ್', 'ಗಮ್ಮಿ ಸ್ಮೈಲ್ ಕರೆಕ್ಷನ್'. ಬಿಡಿಸಿ ಹೇಳಿದರೆ, ಒಸಡನ್ನು ಕತ್ತರಿಸಿ ಒಂದು ಆಕಾರಕ್ಕೆ ತರೋದು. ಮದುವೆಗೆ ಮೂರು ತಿಂಗಳು ಇರುವಾಗ, ಇಲ್ಲವೇ ಲಿಂಕ್ಡ್‌ಇನ್ ಫೋಟೋ ಬದಲಾಯಿಸೋ ಮೊದಲು ಇದನ್ನು ವಿಚಾರಿಸುವವರು ಈಗ ಅಪರೂಪವೇನಲ್ಲ.

ಇದು ನಿನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ ಅಂತ ಅನ್ನಿಸಬಹುದು. ಒಸಡಿಗೆ ಕತ್ತಿ ಹಾಕುವ ವಿದ್ಯೆ ಮಾತ್ರ ಬಹಳ ಹಳೆಯದು. ಆ ಇತಿಹಾಸ ಓದುತ್ತಾ ಹೋದಂತೆ ಒಂದು ವಿಷಯ ಗಮನಕ್ಕೆ ಬರುತ್ತೆ. ಕತ್ತರಿಸೋದು ಹೇಗೆ ಅಂತ ವೈದ್ಯರು ಬೇಗ ಕಲಿತರು. ಎಲ್ಲಿ ನಿಲ್ಲಿಸಬೇಕು ಅಂತ ಕಲಿಯೋದಕ್ಕೆ ಬಹಳ ಕಾಲ ಹಿಡಿಯಿತು.

ಸುಶ್ರುತ ಸಂಹಿತೆಯಿಂದಲೇ ಶುರು ಮಾಡೋಣ. ಅದರಲ್ಲಿ ಬಾಯಿಯ ರೋಗಗಳು ಒಟ್ಟು 65. ತುಟಿ, ನಾಲಿಗೆ, ಅಂಗುಳ, ಗಂಟಲು ಹೀಗೆ ಜಾಗಕ್ಕೆ ತಕ್ಕಂತೆ ವಿಂಗಡಿಸಿದ ಆ ಪಟ್ಟಿಯಲ್ಲಿ ಹಲ್ಲಿಗೆ ಬರುವ ರೋಗ 8, ಹಲ್ಲಿನ ಬುಡಕ್ಕೆ ಅಂದರೆ ಒಸಡಿಗೆ ಬರುವ ರೋಗ 15. ಒಸಡಿನ ಲೆಕ್ಕ ಹಲ್ಲಿನ ಲೆಕ್ಕದ ಹತ್ತಿರ ಹತ್ತಿರ ಎರಡರಷ್ಟು! ಸುಮ್ಮನೆ ರಕ್ತ ಒಸರುವ ಒಸಡಿಗೆ 'ಶೀತಾದ' ಅಂತ ಹೆಸರು. ಕೊನೆಯ ದವಡೆ ಹಲ್ಲಿನ ಹತ್ತಿರ ಊದಿ, ನೋವು ಕೊಟ್ಟು, ಜೊಲ್ಲು ಸುರಿಸುವ ಮಾಂಸಕ್ಕೆ 'ಅಧಿಮಾಂಸ' ಅಂತ ಹೆಸರು. ಅದಕ್ಕೆ ಹೇಳಿರುವ ಚಿಕಿತ್ಸೆ ನೇರವಾಗಿದೆ: ಆ ಮಾಂಸವನ್ನು ಕತ್ತರಿಸಿ ತೆಗೆದು, ಬಜೆ, ಯವಕ್ಷಾರ ಮುಂತಾದವುಗಳ ಚೂರ್ಣವನ್ನು ಜೇನಿನಲ್ಲಿ ಕಲಸಿ ಹಚ್ಚಬೇಕು.

ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸಿನಲ್ಲಿ ಬುದ್ಧಿಹಲ್ಲು ಅರ್ಧ ಹೊರಬಂದು, ಮೇಲೆ ಒಸಡಿನ ಮುಚ್ಚಳ ಕೂತು, ಅದರ ಕೆಳಗೆ ಅನ್ನದಗುಳು ಸಿಕ್ಕಿಕೊಂಡು ಕೆನ್ನೆ ಊದಿಸಿಕೊಂಡವರಿಗೆ ಈ ವರ್ಣನೆ ಪರಿಚಿತ ಅನ್ನಿಸುತ್ತೆ ಅಲ್ವಾ? ಇವತ್ತಿಗೂ ಕೆಲವು ಸಂದರ್ಭಗಳಲ್ಲಿ ಹಲ್ಲು ಕೀಳದೆ ಆ ಮುಚ್ಚಳವನ್ನಷ್ಟೇ ಕತ್ತರಿಸಿ ತೆಗೀತಾರೆ. ಒಸಡಿಗೆ ಆಕಾರ ಕೊಡುವ ಕೆಲಸದ ಅತಿ ಹಳೆಯ ರೂಪ ಇದೇ ಇರಬೇಕು. ಅಲ್ಲಿ ಅಂದಚಂದದ ಮಾತಿಲ್ಲ. ನೋವಿತ್ತು, ಬಾಯಿ ತೆರೆಯೋಕೆ ಆಗ್ತಿರಲಿಲ್ಲ, ಅದಕ್ಕೆ ಕತ್ತರಿಸಿದರು.

ಶಾಸ್ತ್ರ ಹೀಗಿದ್ದರೂ ಮನೆಮನೆಯಲ್ಲಿ ಒಸಡನ್ನು ಕಾಪಾಡಿದ್ದು ಬೆರಳು. ಬೇವಿನ ಕಡ್ಡಿ, ಹೊಂಗೆ ಕಡ್ಡಿ, ಉಪ್ಪು, ಇದ್ದಿಲು, ಆಮೇಲೆ ನಂಜನಗೂಡಿನ ಹಲ್ಲುಪುಡಿ. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಶುರು ಮಾಡಿದ ಸದ್ವೈದ್ಯಶಾಲೆಯ ಆ ಗುಲಾಬಿ ಬಣ್ಣದ ಪುಡಿ ಹಳೆ ಮೈಸೂರಿನ ಕಡೆಯ ಎಷ್ಟೋ ಮನೆಗಳ ಬಚ್ಚಲಿನಲ್ಲಿ ಇತ್ತು. ಪುಡಿಯನ್ನು ತೋರುಬೆರಳಿನಲ್ಲಿ ತಗೊಂಡು ಹಲ್ಲಿನ ಜೊತೆ ಒಸಡನ್ನೂ ತಿಕ್ಕುತ್ತಿದ್ದರು. ಇದರಿಂದ ಹಲ್ಲಿನ ಸಂದಿಗಳು ಶುಚಿ ಆಗ್ತಿರಲಿಲ್ಲ, ಬಿಡಿ. ಆದರೂ ದಿನಾ ಒಂದು ಸಲ ಒಸಡಿನ ಮೇಲೆ ಕೈ ಆಡಿಸುವ ಅಭ್ಯಾಸ ಇತ್ತು. ರಕ್ತ ಬಂದರೆ ಗೊತ್ತಾಗುತ್ತಿತ್ತು.

ಈಗ ಯುರೋಪಿಗೆ ಹೋಗೋಣ, ಯಾಕಂದರೆ ಇವತ್ತು ಕ್ಲಿನಿಕ್ಕುಗಳಲ್ಲಿ ನಡೆಯುವ ಶಸ್ತ್ರಚಿಕಿತ್ಸೆಯ ನೇರ ಪೂರ್ವಜ ಅಲ್ಲಿದೆ. 1884ರಲ್ಲಿ ವಿಯೆನ್ನಾದ ರೊಬಿಚೆಕ್ ಎಂಬ ದಂತವೈದ್ಯ ಒಂದು ವಿಧಾನ ವಿವರಿಸಿದ. ಒಸಡು ಸಡಿಲವಾಗಿ, ಹಲ್ಲಿನಿಂದ ಬಿಟ್ಟುಕೊಂಡು, ಒಳಗೆ ಕೀವು ತುಂಬಿದ ಜೇಬಿನ ಹಾಗೆ ಆದಾಗ, ಆ ಜೇಬಿನ ಗೋಡೆಯನ್ನೇ ಅಲೆಅಲೆಯಾದ ಗೆರೆಯಲ್ಲಿ ಕೊಯ್ದು ತೆಗೆಯೋದು. ಕೆಳಗಿನ ಮೂಳೆ ಕಾಣುವವರೆಗೆ ತೆಗೆದು, ಆ ಮೂಳೆಯನ್ನೂ ಕೆರೆಯೋದು. ಇದೇ ಮುಂದೆ 'ಜಿಂಜಿವೆಕ್ಟಮಿ' ಅಂತ ಹೆಸರಾಯಿತು. ಅದೇ ವರ್ಷ, ಅದೇ ವಿಯೆನ್ನಾದಲ್ಲಿ ಕಾರ್ಲ್ ಕೊಲ್ಲರ್ ಎಂಬ ಯುವ ಡಾಕ್ಟರ್ ಕೊಕೇನ್ ಹನಿ ಹಾಕಿ ಕಣ್ಣನ್ನು ಮರಗಟ್ಟಿಸಬಹುದು ಅಂತ ತೋರಿಸಿದ್ದು ಒಂದು ಕಾಕತಾಳೀಯ. ಒಂದೆರಡು ದಶಕದೊಳಗೆ ಮರಗಟ್ಟಿಸುವ ಇಂಜೆಕ್ಷನ್ ಹಲ್ಲಿನ ಕುರ್ಚಿಗೂ ಬಂತು. ರೋಗಿ ಚೀರದೆ ಕೂತರೆ ವೈದ್ಯನ ಕೈಗೆ ಸಮಯ ಸಿಗುತ್ತೆ. ಸಮಯ ಸಿಕ್ಕಿದರೆ ಕೊಯ್ತ ಅಚ್ಚುಕಟ್ಟಾಗುತ್ತೆ, ಜಾಸ್ತಿಯೂ ಆಗುತ್ತೆ.

ಜಾಸ್ತಿಯೇ ಆಯಿತು. ಮುಂದಿನ ಐವತ್ತು ವರ್ಷದ ನಂಬಿಕೆ ಏನಂದರೆ, ಒಸಡಿನ ಜೇಬಿನ ಕೆಳಗಿನ ಮೂಳೆ ಕೊಳೆತಿರುತ್ತೆ, ಅದನ್ನು ಬಿಟ್ಟರೆ ಇಡೀ ದೇಹಕ್ಕೆ ವಿಷ. ಹಾಗಾಗಿ ಒಸಡಿನ ಜೊತೆ ಮೂಳೆಯೂ ಹೋಯಿತು, ಎಷ್ಟೋ ಸಲ ಹಲ್ಲೂ ಹೋಯಿತು. 1935ರಲ್ಲಿ ರುಡಾಲ್ಫ್ ಕ್ರೋನ್‌ಫೆಲ್ಡ್ ಆ ಮೂಳೆಯನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿ, ಅದು ಕೊಳೆತಿಲ್ಲ, ಸೋಂಕೂ ತಗುಲಿಲ್ಲ ಅಂತ ತೋರಿಸಿದ. ಮೇಲಿನ ಉರಿಯೂತದಿಂದ ಮೂಳೆ ಹಿಂದೆ ಸರಿದಿತ್ತು, ಅಷ್ಟೇ. ಅಂದರೆ ಅಷ್ಟು ವರ್ಷ ಕೆರೆದು ಬಿಸಾಕಿದ್ದರಲ್ಲಿ ಬಹುಪಾಲು ಜೀವಂತ ಮೂಳೆ.

ಸುಮಾರು ಇದೇ ಹೊತ್ತಿಗೆ ಕತ್ತಿಗೆ ಹೊಸದೊಂದು, ನ್ಯಾಯವಾದ ಕಾರಣ ಸಿಕ್ಕಿತು. 1938ರಲ್ಲಿ ಬೋಸ್ಟನ್ನಿನ ಮೆರಿಟ್ ಮತ್ತು ಪಟ್ನಂ ಮೂರ್ಛೆರೋಗಕ್ಕೆ ಫೆನಿಟಾಯಿನ್ ಎಂಬ ಔಷಧಿ ಕೆಲಸ ಮಾಡುತ್ತೆ ಅಂತ ತೋರಿಸಿದರು. ನಿದ್ದೆ ಬರಿಸದೆ ಫಿಟ್ಸ್ ತಡೆಯುವ ಮಾತ್ರೆ! ಮರುವರ್ಷವೇ ಕಿಂಬಲ್ ಎಂಬ ವೈದ್ಯ ಇನ್ನೊಂದು ಸಂಗತಿ ಬರೆದ: ಆ ಮಾತ್ರೆ ತಿಂದ ತನ್ನ 119 ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಒಸಡು ಬೆಳೆದಿತ್ತು. ಎಲ್ಲರಿಗೂ ಒಂದೇ ಥರ ಬೆಳೆಯಲ್ಲ. ವಿಪರೀತ ಬೆಳೆದರೆ ಹಲ್ಲುಗಳೇ ಮುಚ್ಚಿಹೋಗುತ್ತವೆ, ಅಗಿಯೋಕೆ ಕಷ್ಟ, ತುಟಿ ಸೇರೋದಿಲ್ಲ, ಬ್ರಷ್ ಒಳಗೆ ಹೋಗೋದಿಲ್ಲ.

ಈ ಕಥೆ ನಮ್ಮಿಂದ ದೂರ ಇಲ್ಲ. ಫೆನಿಟಾಯಿನ್ ಅಗ್ಗದ ಮಾತ್ರೆ. ನಮ್ಮ ದೇಶದಲ್ಲಿ ದಶಕಗಟ್ಟಲೆ ಮೂರ್ಛೆರೋಗದ ಮುಖ್ಯ ಔಷಧಿಗಳಲ್ಲಿ ಒಂದಾಗಿತ್ತು. 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಗೆ ರಾಜ್ಯದ ಮೂಲೆಮೂಲೆಯಿಂದ ಮೂರ್ಛೆರೋಗಿಗಳು ಬರ್ತಾರೆ. ಫಿಟ್ಸ್ ಇದೆ ಅನ್ನೋದನ್ನೇ ಮುಚ್ಚಿಡುವ ಸಮಾಜ ನಮ್ಮದು. ಅಂಥ ಕಡೆ ರೋಗ ಹತೋಟಿಗೆ ಬಂದ ಹುಡುಗಿಯೊಬ್ಬಳ ಒಸಡು ಬೆಳೆದು ಬಾಯಿ ಮುಚ್ಚೋಕೆ ಆಗದಿದ್ದರೆ, ಮುಚ್ಚಿಟ್ಟದ್ದು ಮುಖದ ಮೇಲೇ ಕಾಣಿಸಿಕೊಂಡ ಹಾಗೆ. ಇಲ್ಲಿ ಒಸಡು ಕತ್ತರಿಸೋದು ಊಟಕ್ಕೂ ಬೇಕು, ಶುಚಿಗೂ ಬೇಕು, ನಾಲ್ಕು ಜನರ ಮುಂದೆ ನಗೋದಕ್ಕೂ ಬೇಕು. ಉಪಯೋಗ ಒಂದು ಕಡೆ, ಅಂದ ಒಂದು ಕಡೆ ಅಂತ ಗೆರೆ ಹಾಕೋದು ಇಂಥವರ ವಿಷಯದಲ್ಲಿ ಸಾಧ್ಯವೇ ಇಲ್ಲ. ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ: ಬಿಪಿಗೆ ಕೊಡುವ ಆಮ್ಲೋಡಿಪಿನ್, ಕಿಡ್ನಿ ಕಸಿ ಆದವರಿಗೆ ಕೊಡುವ ಸೈಕ್ಲೋಸ್ಪೋರಿನ್ ಕೂಡ ಕೆಲವರಲ್ಲಿ ಒಸಡು ಬೆಳೆಸುತ್ತವೆ. ಮನೆಯಲ್ಲಿ ಅಪ್ಪನ ಒಸಡು ಊದಿದ್ದರೆ ಮಾತ್ರೆಯ ಹೆಸರನ್ನು ಹಲ್ಲಿನ ಡಾಕ್ಟರಿಗೂ ಹೇಳಿ. ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ. ಬದಲಾಯಿಸೋದು ಅದನ್ನು ಬರೆದುಕೊಟ್ಟವರ ಕೆಲಸ.

1950ರಲ್ಲಿ ಅಮೆರಿಕದ ಹೆನ್ರಿ ಗೋಲ್ಡ್‌ಮನ್ 'ಜಿಂಜಿವೋಪ್ಲಾಸ್ಟಿ' ಬಗ್ಗೆ ಬರೆದ. ಹೆಸರಿನಲ್ಲಿರುವ ವ್ಯತ್ಯಾಸ ಗಮನಿಸಿ. ಹಿಂದಿನದು ರೋಗದ ಮಾಂಸವನ್ನು ತೆಗೆಯೋದು. ಇದು ರೋಗ ಇಲ್ಲದಿದ್ದರೂ ದಪ್ಪ, ಒರಟು ಅಂಚಿರುವ ಒಸಡನ್ನು ತೆಳುವಾಗಿ ಕೆತ್ತಿ, ಹಲ್ಲಿನ ಸುತ್ತ ಕಮಾನಿನ ಹಾಗೆ ಕೂರಿಸೋದು. ಗೋಲ್ಡ್‌ಮನ್ ಮನಸ್ಸಿನಲ್ಲಿ ಸಿನಿಮಾ ನಗು ಇರಲಿಲ್ಲ. ಅಂಚು ಸರಿಯಾಗಿದ್ದರೆ ಅಗಿಯುವಾಗ ಆಹಾರ ಜಾರಿಹೋಗುತ್ತೆ, ಬ್ರಷ್ ಚೆನ್ನಾಗಿ ತಾಗುತ್ತೆ, ರೋಗ ಮತ್ತೆ ಬರಲ್ಲ ಅನ್ನೋದು ಅವನ ವಾದ. ಆದರೆ ರೋಗ ಇಲ್ಲದ ಒಸಡಿಗೂ ಕತ್ತಿ ಹಾಕಬಹುದು ಅನ್ನೋ ಬಾಗಿಲು ತೆರೆದದ್ದು ಇಂಥ ಬರಹಗಳಿಂದಲೇ.

ಹಾಗಾದರೆ ಎಷ್ಟು ಕೆತ್ತಬಹುದು? ಇದಕ್ಕೆ ಅಳತೆ ಸಿಕ್ಕಿದ್ದು 1961ರಲ್ಲಿ. ಗಾರ್ಜುಲೊ, ವೆಂಟ್ಜ್ ಮತ್ತು ಆರ್ಬನ್ ಎಂಬ ಮೂವರು ಶವಗಳ ದವಡೆಗಳನ್ನು ತಗೊಂಡು, ಒಸಡು ಹಲ್ಲಿಗೆ ಅಂಟಿಕೊಂಡಿರುವ ಭಾಗವನ್ನು ಅಳೆದರು. ಮೇಲೆ ಚರ್ಮದಂಥ ಪದರದ ಅಂಟು ಸರಾಸರಿ 0.97 ಮಿಲಿಮೀಟರ್, ಅದರ ಕೆಳಗೆ ನಾರಿನ ಹಿಡಿತ 1.07 ಮಿಲಿಮೀಟರ್. ಒಟ್ಟು 2.04. ಮರುವರ್ಷ ವಾಲ್ಟರ್ ಕೋಹೆನ್ ಇದಕ್ಕೆ 'ಬಯಾಲಾಜಿಕ್ ವಿಡ್ತ್' ಅಂತ ಹೆಸರಿಟ್ಟ. ಹೊರಗಿನ ಕೊಳೆ ಮೂಳೆಗೆ ಇಳಿಯದ ಹಾಗೆ ದೇಹ ಕಟ್ಟಿಕೊಂಡಿರುವ ಸೀಲ್ ಇದು, ನಲ್ಲಿಯ ವಾಷರ್ ಇದ್ದ ಹಾಗೆ.

ಈ ಎರಡು ಮಿಲಿಮೀಟರ್ ಸರಾಸರಿ ಲೆಕ್ಕ. ಒಬ್ಬೊಬ್ಬರಲ್ಲಿ, ಒಂದೊಂದು ಹಲ್ಲಿನಲ್ಲಿ ಹೆಚ್ಚು ಕಡಿಮೆ ಆಗುತ್ತೆ. ಆದರೆ ಅದರ ಸ್ವಭಾವ ಒಂದೇ. ಮೂಳೆ ಅಲ್ಲೇ ಇದ್ದು ಒಸಡನ್ನಷ್ಟೇ ಈ ಗಡಿಯೊಳಕ್ಕೆ ಕತ್ತರಿಸಿದರೆ, ಒಸಡು ಕೆಲವು ತಿಂಗಳಲ್ಲಿ ಮತ್ತೆ ಮೇಲಕ್ಕೆ ಬೆಳೀಬಹುದು. ಕ್ಯಾಪಿನ ಅಂಚನ್ನು ಈ ಗಡಿಯೊಳಗೆ ತುರುಕಿದರೆ ಒಸಡು ಸದಾ ಕೆಂಪಾಗಿ ರಕ್ತ ಸುರಿಸ್ತಾ ಇರುತ್ತೆ, ಇಲ್ಲವೇ ಮೂಳೆ ತಾನಾಗಿ ಕೆಳಕ್ಕೆ ಕರಗಿ ಜಾಗ ಮಾಡಿಕೊಳ್ಳುತ್ತೆ. ಹಲ್ಲು ಒಸಡಿನ ಕೆಳಗೆ ಮುರಿದಾಗ ಕ್ಯಾಪ್ ಹಾಕೋ ಮೊದಲು 'ಕ್ರೌನ್ ಲೆಂಥನಿಂಗ್' ಬೇಕು ಅಂತಾರಲ್ಲ, ಅದರ ಹಿಂದಿನ ಲೆಕ್ಕ ಇದೇ. ಕ್ಯಾಪಿನ ಅಂಚಿಗೂ ಮೂಳೆಗೂ ಮಧ್ಯೆ ಸುಮಾರು ಮೂರು ಮಿಲಿಮೀಟರ್ ಸಿಗುವ ಹಾಗೆ ಒಸಡನ್ನೂ, ಬೇಕಾದರೆ ಮೂಳೆಯನ್ನೂ ಸವರೋದು. ರೂಟ್ ಕೆನಾಲ್ ಆದ ಮೇಲೆ ಡಾಕ್ಟರ್ ಇನ್ನೊಂದು ಬಿಲ್ ತೋರಿಸಿದಾಗ ಸಿಟ್ಟು ಬರುತ್ತೆ, ನಿಜ. ಕೆಲವು ಸಲ ಅದು ನಿಜಕ್ಕೂ ಬೇಕಾದದ್ದೇ.

ಗಡಿ ಗೊತ್ತಾದ ಹೊತ್ತಿಗೇ ಕತ್ತಿಯ ದೊಡ್ಡಸ್ತಿಕೆಯೂ ಇಳಿಯಿತು. 1965ರಲ್ಲಿ ಡೆನ್ಮಾರ್ಕಿನಲ್ಲಿ ಹಾರಾಲ್ಡ್ ಲೂ ಮತ್ತು ಸಂಗಡಿಗರು 12 ಆರೋಗ್ಯವಂತರಿಗೆ ಹಲ್ಲುಜ್ಜೋದು ನಿಲ್ಲಿಸಿ ಅಂದರು. ಅವರಲ್ಲಿ ಹೆಚ್ಚಿನವರು ದಂತವೈದ್ಯಕೀಯ ವಿದ್ಯಾರ್ಥಿಗಳು. ಮೂರು ವಾರದೊಳಗೆ ಎಲ್ಲರ ಒಸಡೂ ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಸುಮಾರು ವಾರದಲ್ಲಿ ಸರಿಹೋಯಿತು. 1970ರ ದಶಕದಲ್ಲಿ ಸ್ವೀಡನ್ನಿನ ನೀಮನ್, ಲಿಂಡೆ ಮತ್ತವರ ತಂಡ ಬೇರೆ ಬೇರೆ ವಿಧಾನದ ಒಸಡಿನ ಆಪರೇಷನ್‌ಗಳನ್ನು ಹೋಲಿಸಿ ನೋಡಿದಾಗ ಇದಕ್ಕೆ ಪೂರಕವಾದ ಉತ್ತರ ಸಿಕ್ಕಿತು. ಆಮೇಲೆ ಬಾಯಿ ಚೆನ್ನಾಗಿ ಶುಚಿ ಇಟ್ಟುಕೊಂಡವರಲ್ಲಿ ಯಾವ ವಿಧಾನವಾದರೂ ಗೆದ್ದಿತು. ಇಟ್ಟುಕೊಳ್ಳದವರಲ್ಲಿ ಎಲ್ಲವೂ ಸೋತವು.

ಇಷ್ಟೆಲ್ಲ ಆಗುವಾಗ ನಮ್ಮಲ್ಲಿ ಏನಾಗ್ತಿತ್ತು? ದಂತವೈದ್ಯ ಕಲಿಯಬೇಕು ಅಂದರೆ ಮೊದಲು ಕಲ್ಕತ್ತಾಕ್ಕೆ ಹೋಗಬೇಕಿತ್ತು. ಅಲ್ಲಿ ರಫಿಯುದ್ದೀನ್ ಅಹ್ಮದ್ 1920ರಲ್ಲಿ ಕಾಲೇಜು ತೆರೆದಿದ್ದರು. 1948ರ ದಂತವೈದ್ಯರ ಕಾಯ್ದೆ ಬರುವವರೆಗೆ ಯಾರು ಬೇಕಾದರೂ ಬಾಯಿಗೆ ಕೈ ಹಾಕಬಹುದಿತ್ತು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಶುರುವಾದದ್ದು 1958ರಲ್ಲಿ, ಮಣಿಪಾಲದ್ದು 1965ರಲ್ಲಿ. ಎಂಬತ್ತರ ದಶಕದಲ್ಲಿ ಖಾಸಗಿ ಕಾಲೇಜುಗಳ ಸಾಲು ಶುರುವಾಯಿತು. ಇವತ್ತು ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಕುಂಬಳಗೋಡಿನ ಹತ್ತಿರ ಸಿಗುವ ರಾಜರಾಜೇಶ್ವರಿ ದಂತ ಕಾಲೇಜು 1992ರದ್ದು. ಆಗ ಕೆಂಗೇರಿ ಬೆಂಗಳೂರು ಪಾಲಿಕೆಗೆ ಸೇರಿರಲಿಲ್ಲ. ಪುರಸಭೆಯಾಗಿದ್ದ ಊರು ಬಿಬಿಎಂಪಿಗೆ ಸೇರಿದ್ದು 2007ರಲ್ಲಿ, ಮೆಟ್ರೋ ಬಂದದ್ದು 2021ರಲ್ಲಿ.

ಇಂಥ ಕಾಲೇಜು ಆಸ್ಪತ್ರೆಗಳಿಗೆ ಒಸಡಿನ ತೊಂದರೆ ಅಂತ ಬರುವ ಹಳ್ಳಿಯವರು ಕೇಳೋದು ಹಳೆಯ ಪ್ರಶ್ನೆಗಳನ್ನೇ. ರಕ್ತ ಯಾಕೆ ಬರ್ತಿದೆ, ಹಲ್ಲು ಯಾಕೆ ಅಲ್ಲಾಡ್ತಿದೆ, ಹಲ್ಲುಸೆಟ್ಟು ಯಾಕೆ ಒಸಡಿನ ಮೇಲೆ ಕೂರ್ತಿಲ್ಲ. ಅಲ್ಲಿ ಕಲಿತು ಹೊರಬಂದವರು ಅದೇ ರಸ್ತೆಯಲ್ಲಿ ಕ್ಲಿನಿಕ್ ಇಟ್ಟಾಗ ಎದುರಿಗೆ ಕೂರುವ ಅಪಾರ್ಟ್‌ಮೆಂಟಿನ ಮಂದಿಯ ಪ್ರಶ್ನೆ ಬೇರೆ: ನಕ್ಕರೆ ಒಸಡು ಯಾಕೆ ಇಷ್ಟು ಕಾಣುತ್ತೆ? ಕತ್ತರಿಸುವ ವಿದ್ಯೆ ಅದೇ, ಸಲಕರಣೆಯೂ ಹೆಚ್ಚುಕಡಿಮೆ ಅದೇ. ಕೇಳುವ ಕಾರಣ ಬದಲಾಗಿದೆ.

ಈ ಎರಡನೆಯ ಪ್ರಶ್ನೆಯ ಊರು ಹಾಲಿವುಡ್. 1930ರ ದಶಕದಲ್ಲಿ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯ ಶೂಟಿಂಗಿಗೆ ಅಂತ ನಟ ನಟಿಯರ ಹಲ್ಲಿನ ಮೇಲೆ ತಾತ್ಕಾಲಿಕ ಹೊದಿಕೆ ಅಂಟಿಸುತ್ತಿದ್ದ. ಕ್ಯಾಮೆರಾ ಹತ್ತಿರ ಬಂದಂತೆ ಹಲ್ಲು ದೊಡ್ಡದಾಯಿತು. ಹಲ್ಲಿನ ಚೌಕಟ್ಟು ಒಸಡು ತಾನೇ, ಅದೂ ದೊಡ್ಡದಾಯಿತು. 1990ರಲ್ಲಿ ಹಲ್ಲಿನ ವೈದ್ಯರಿಗೆಂದೇ ಮಾಡಿದ ಲೇಸರ್ ಅಮೆರಿಕದ ಮಾರುಕಟ್ಟೆಗೆ ಬಂತು. ಲೇಸರ್‌ನಲ್ಲಿ ರಕ್ತ ಕಡಿಮೆ, ಹೊಲಿಗೆ ಸಾಮಾನ್ಯವಾಗಿ ಬೇಡ, ಅರ್ಧ ಗಂಟೆಯಲ್ಲಿ ಮುಗಿಸಿ ಆಫೀಸಿಗೆ ಹೋಗಬಹುದು. ಸುಲಭವಾಗಿದ್ದು ಬೇಗ ಪ್ಯಾಕೇಜ್ ಆಗುತ್ತೆ. ಆದರೆ ಆ ಎರಡು ಮಿಲಿಮೀಟರ್ ಗಡಿ ಲೇಸರ್‌ಗೂ ಅನ್ವಯಿಸುತ್ತೆ.

ಒಸಡು ಎಷ್ಟು ಕಂಡರೆ ಜಾಸ್ತಿ? 1999ರಲ್ಲಿ ವಿನ್ಸೆಂಟ್ ಕೋಕಿಚ್ ಮತ್ತು ಜೊತೆಗಾರರು ತಿದ್ದಿದ ಫೋಟೋಗಳನ್ನು ಜನರಿಗೆ ತೋರಿಸಿ ಕೇಳಿದರು. ಹಲ್ಲಿಗೆ ಕ್ಲಿಪ್ ಹಾಕುವ ಪರಿಣತರಿಗೆ ಎರಡು ಮಿಲಿಮೀಟರ್ ಒಸಡು ಕಂಡರೇ ಕಣ್ಣಿಗೆ ಚುಚ್ಚಿತು. ಸಾಮಾನ್ಯ ದಂತವೈದ್ಯರಿಗೂ ಜನಸಾಮಾನ್ಯರಿಗೂ ನಾಲ್ಕು ಮಿಲಿಮೀಟರ್ ಆಗುವವರೆಗೆ ಅದೊಂದು ಕೊರತೆ ಅಂತ ಅನ್ನಿಸಲೇ ಇಲ್ಲ. ನಿಮ್ಮ ಗೆಳೆಯರು ಯಾವತ್ತೂ ಗಮನಿಸದ್ದನ್ನು ತಜ್ಞ ಮೊದಲ ನೋಟದಲ್ಲೇ ಕಾಣ್ತಾನೆ. ವಯಸ್ಸಾದಂತೆ ಮೇಲ್ದುಟಿ ಇಳಿದು ಒಸಡು ಕಾಣೋದು ತಾನಾಗಿ ಕಡಿಮೆಯೂ ಆಗುತ್ತೆ.

ಬಣ್ಣದ ಕಥೆ ಇನ್ನೂ ಸ್ವಾರಸ್ಯ. ಈಗ ಆಕಾರದ ಜೊತೆ 'ಕಪ್ಪು ಒಸಡನ್ನು ಗುಲಾಬಿ ಮಾಡೋದು' ಕೂಡ ಸೇರಿಕೊಂಡಿದೆ. ಮೇಲಿನ ಪದರವನ್ನು ಸವೆಸಿ ಅಥವಾ ಲೇಸರ್‌ನಿಂದ ಸುಟ್ಟು ತೆಗೀತಾರೆ. ಒಂದು ಕಾಲದಲ್ಲಿ ದಖ್ಖನಿನ ಮುಸ್ಲಿಂ ಮನೆಗಳ ಹೆಂಗಸರು ಹಲ್ಲಿನ ಸಂದಿ, ಒಸಡು ಕಪ್ಪಾಗಲಿ ಅಂತಲೇ ಮಿಸ್ಸಿ ಹಚ್ಚುತ್ತಿದ್ದರು. ಸೆನೆಗಲ್‌ನಲ್ಲಿ ಹಲ್ಲು ಬೆಳ್ಳಗೆ ಎದ್ದು ಕಾಣಲಿ ಅಂತ ಹೆಂಗಸರು ಒಸಡಿಗೆ ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು. ಕ್ಲಿಫ್ಟನ್ ಡಮ್ಮೆಟ್ ಎಂಬ ಕಪ್ಪು ಜನಾಂಗದ ಅಮೆರಿಕನ್ ದಂತವೈದ್ಯ 1946ರಲ್ಲಿ ಒಸಡಿನ ಕಂದು ಬಣ್ಣದ ಬಗ್ಗೆ ಬರೆದು, ಅದು ಚರ್ಮದ ಬಣ್ಣದ ಹಾಗೇ ಸಹಜವಾದದ್ದು, ರೋಗ ಅಲ್ಲ ಅಂತ ಸ್ಪಷ್ಟಪಡಿಸಿದ. ದಕ್ಷಿಣ ಭಾರತದ ಬಾಯಿಗಳಲ್ಲಿ ಕಂದು ಒಸಡು ತೀರಾ ಮಾಮೂಲಿ. ಪಠ್ಯಪುಸ್ತಕದ ಚಿತ್ರದಲ್ಲಿ ಗುಲಾಬಿ ಇದೆ ಅಂದ ಮಾತ್ರಕ್ಕೆ ನಮ್ಮದು ಕೊಳೆ ಆಗೋದಿಲ್ಲ. ಸವೆಸಿ ತೆಗೆದರೂ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಬಣ್ಣ ಎಷ್ಟೋ ಜನರಲ್ಲಿ ಮರಳುತ್ತೆ. ದೇಹಕ್ಕೆ ತನ್ನ ಬಣ್ಣ ನೆನಪಿರುತ್ತೆ.

ಹಾಗಂತ ಯಾರೂ ಮಾಡಿಸಿಕೊಳ್ಳಬಾರದು ಅಂತ ಹೇಳೋದು ದೊಡ್ಡ ಮಾತಾಗುತ್ತೆ. ಕೈ ಅಡ್ಡ ಇಟ್ಟುಕೊಂಡೇ ನಗುವವರು ನಮ್ಮ ನಡುವೆ ಇದ್ದಾರೆ. ಹಲ್ಲು ಪೂರ್ತಿ ಬಂದ ಮೇಲೂ ಒಸಡು ಹಿಂದೆ ಸರಿಯದೆ, ಹಲ್ಲು ಗಿಡ್ಡ ಕಾಣುವವರಿಗೆ ಸಣ್ಣ ಕೆತ್ತನೆಯಿಂದ ನಿಜಕ್ಕೂ ಅನುಕೂಲ ಇದೆ. ಆದರೆ ಒಸಡು ಜಾಸ್ತಿ ಕಾಣೋದಕ್ಕೆ ಒಂದೇ ಕಾರಣ ಇಲ್ಲ. ಮೇಲ್ದುಟಿ ಗಿಡ್ಡ ಇರಬಹುದು ಅಥವಾ ನಗುವಾಗ ಜಾಸ್ತಿ ಮೇಲೇರಬಹುದು. ಮೇಲ್ದವಡೆಯ ಮೂಳೆಯೇ ಉದ್ದ ಬೆಳೆದಿರಬಹುದು. ಮಾತ್ರೆಯಿಂದ, ಪಾಚಿಯಿಂದ ಊದಿರಬಹುದು. ತುಟಿ, ದವಡೆ ಕಾರಣ ಆಗಿದ್ದರೆ ಒಸಡು ಕತ್ತರಿಸಿದಷ್ಟೂ ನಷ್ಟವೇ. ಹಲ್ಲಿನ ಸುತ್ತ ಇರುವ ಗಟ್ಟಿ ಒಸಡಿನ ಪಟ್ಟಿ ಒಮ್ಮೆ ಹೋದರೆ ಹಾಗೇ ವಾಪಸ್ ಬರಲ್ಲ. ಬೇರು ಹೊರಗೆ ಕಂಡು ತಣ್ಣೀರು ಕುಡಿದರೆ ಜುಂ ಅನ್ನುತ್ತೆ.

ಆದ್ದರಿಂದ ಕುರ್ಚಿಯಲ್ಲಿ ಕೂತಾಗ ಕೇಳಬೇಕಾದ್ದು ನಾಲ್ಕು ಪ್ರಶ್ನೆ. ನನ್ನ ಒಸಡು ಕಾಣೋದಕ್ಕೆ ಕಾರಣ ಯಾವುದು? ಪ್ರೋಬ್ ಹಾಕಿ ಒಸಡಿನ ಆಳ, ಮೂಳೆ ಎಲ್ಲಿದೆ ಅನ್ನೋದು ಅಳೆದಿದ್ದೀರಾ, ಎಕ್ಸ್‌ರೇ ನೋಡಿದ್ದೀರಾ? ಕತ್ತರಿಸಿದ ಮೇಲೆ ಎಷ್ಟು ಗಟ್ಟಿ ಒಸಡು ಉಳಿಯುತ್ತೆ? ಮೊದಲು ಕ್ಲೀನಿಂಗ್ ಮಾಡಿಸಿ ಕೆಲವು ವಾರ ಕಾದರೆ ಊತ ಇಳಿದು ಕತ್ತಿಯೇ ಬೇಡವಾಗಬಹುದಾ? ಒಳ್ಳೆಯ ವೈದ್ಯರಿಗೆ ಈ ಪ್ರಶ್ನೆಗಳಿಂದ ಬೇಜಾರಾಗೋದಿಲ್ಲ. ಅಳತೆ ಬರೆದಿಟ್ಟ ಕಾಗದ ಅವರ ಹತ್ತಿರ ಇದ್ದೇ ಇರುತ್ತೆ. ಇಲ್ಲದಿದ್ದರೆ ದುಡ್ಡು ಕಟ್ಟೋ ಮೊದಲು ಇನ್ನೊಬ್ಬರಿಗೆ ತೋರಿಸಿ.